ಕಾರು ಯಾರ ಹೆಸರಿಗೆ

ನಮ್ಮ ಆಡಿಟರ ಬಲ ಭುಜ ಎಡ ಭುಜಕ್ಕಿಂತ ಒಂದು ಬೆರಳಷ್ಟು ಇಳಿದಿತ್ತು. ಫೈಲುಗಳ ಚೀಲವನ್ನು ಅದೇ ಭುಜಕ್ಕೆ ಹಾಕಿಕೊಂಡು ಕುಣಿಗಲ್ಲಿನಿಂದ ತುಮಕೂರಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವರು. ನಾನು ಫಿಸಿಯೋಥೆರಪಿಸ್ಟ್ ಆದ್ದರಿಂದ ಮೊದಲು ಕಣ್ಣಿಗೆ ಬಿದ್ದದ್ದೇ ಅದು.

ಲಕ್ವ ಹೊಡೆದವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಬೆಳಿಗ್ಗೆ ಗೂಳೂರು, ಮಧ್ಯಾಹ್ನ ಗುಬ್ಬಿ, ಕೆಲವು ದಿನ ಸಿ.ಎಸ್. ಪುರ. ಸ್ಕೂಟರಿನಲ್ಲಿ ಸುತ್ತಿ ನನ್ನ ಬೆನ್ನೇ ಹಿಡಿದುಕೊಂಡಾಗ ಕಾರು ಕೊಳ್ಳಲು ಹೊರಟೆವು. ಸ್ಕೂಲ್ ಮೇಷ್ಟ್ರಾದ ನನ್ನ ಗಂಡ, ಸಂಬಳದ ಮೇಲೆ ಸಾಲ ಬೇಗ ಸಿಗುತ್ತದೆ, ತಮ್ಮ ಹೆಸರಿಗೇ ಮಾಡಿಸೋಣ ಎಂದರು. ಷೋರೂಮಿನವನು ದೊಡ್ಡ ಗಾಡಿ ತೋರಿಸಿ, ತೆರಿಗೆ ಲೆಕ್ಕದಲ್ಲಿ ಅದರ ಪೂರ್ತಿ ಬೆಲೆಯನ್ನು ಮೊದಲ ವರ್ಷವೇ ಖರ್ಚಿಗೆ ಹಾಕಬಹುದು ಎಂದಿದ್ದ.

ಆಡಿಟರು ಎರಡನ್ನೂ ಒಪ್ಪಲಿಲ್ಲ. ಗಾಡಿ ಸವೆಯುವುದಕ್ಕೆ ಸವಕಳಿ ಅಂತ ಸಿಗುವುದು ವರ್ಷಕ್ಕೆ ಬೆಲೆಯ ಹದಿನೈದು ಪರ್ಸೆಂಟ್ ಮಾತ್ರ, ಈಗ ಫೆಬ್ರವರಿ, ಲೆಕ್ಕದ ವರ್ಷ ಮಾರ್ಚಿಗೆ ಮುಗಿಯುವುದರಿಂದ ಈ ವರ್ಷ ಅದರಲ್ಲೂ ಅರ್ಧ ಎಂದು ತಿಳಿಸಿ ಹೇಳಿದರು. ಆಮೇಲೆ ನನ್ನ ಗಂಡನ ಕಡೆ ತಿರುಗಿದರು.

"ನೋಡಿ ಮೇಷ್ಟ್ರೆ, ಕಾರಲ್ಲಿ ಹೋಗಿ ದುಡಿಯೋರು ಅವ್ರು. ಗಾಡಿ ನಿಮ್ಮ ಹೆಸ್ರಲ್ಲಿದ್ರೆ ಅವ್ರ ಲೆಕ್ಕದಲ್ಲಿ ಸವಕಳಿ ತೋರ್ಸಕ್ಕಾಗಲ್ಲ. ಸಾಲನೂ ಅವ್ರ ಹೆಸ್ರಲ್ಲೇ ಆಗ್ಲಿ, ಬಡ್ಡಿ ಖರ್ಚಿಗೆ ಬರುತ್ತೆ."

ಇವಳಿಗೆ ಬ್ಯಾಂಕಿನವರು ಕೊಡುವುದು ಅನುಮಾನ ಎಂದರು ಗಂಡ. ಮೂರು ವರ್ಷದಿಂದ ತಪ್ಪದೆ ರಿಟರ್ನ್ ಹಾಕಿದ್ದಾರೆ, ಯಾಕೆ ಕೊಡುವುದಿಲ್ಲ ನೋಡೋಣ ಎಂದು ಆಡಿಟರು ತಾವೇ ಬ್ಯಾಂಕಿಗೆ ಜೊತೆಗೆ ಬಂದರು. ಮ್ಯಾನೇಜರು ಪ್ರತಿ ಪ್ರಶ್ನೆಯನ್ನೂ ನನ್ನ ಗಂಡನಿಗೆ ಕೇಳುತ್ತಿದ್ದರು. ಪ್ರತಿ ಸಲವೂ ಆಡಿಟರು ನನ್ನ ಕಡೆ ಕೈ ತೋರಿಸಿ, "ಅವ್ರನ್ನ ಕೇಳಿ" ಎಂದರು.

ಸಣ್ಣ ಕಾರು ಬಂತು, ನನ್ನ ಹೆಸರಿನಲ್ಲಿ. ಮನೆ, ಸೈಟು, ಕೊನೆಗೆ ಗ್ಯಾಸಿನ ಸಿಲಿಂಡರು ಕೂಡ ಗಂಡನ ಹೆಸರಿನಲ್ಲಿದ್ದವು. ಆರ್.ಸಿ. ಕೈಗೆ ಬಂದ ದಿನ ಅದನ್ನು ಎರಡು ಸಲ ಓದಿದೆ.

ಆಡಿಟರು ಕಾರಿನಲ್ಲೊಂದು ನೋಟ್‌ಬುಕ್ ಇಡಿಸಿದರು. ಎಲ್ಲಿಗೆ, ಯಾಕೆ, ಎಷ್ಟು ಕಿಲೋಮೀಟರು, ಎಲ್ಲ ಅದರಲ್ಲಿ ಬರೆಯಬೇಕು. ಒಮ್ಮೆ ತಂಗಿಯ ಮದುವೆಗೆ ಓಡಾಡಿದ ಪೆಟ್ರೋಲನ್ನೂ ಸೇರಿಸಿಕೊಂಡು ಹೋದೆ. ಎಲ್ಲರೂ ಹೀಗೇ ಹಾಕುತ್ತಾರಲ್ಲ ಎಂದೆ.

"ಹಾಕ್ಲಿ ಬಿಡಮ್ಮ. ನಾಳೆ ಯಾರಾದ್ರೂ ಕೇಳಿದ್ರೆ ನೀನು ತಡವರಿಸ್ಬಾರ್ದು," ಎಂದು ಪೆನ್ಸಿಲಿನಲ್ಲಿ ಹೊಡೆದುಹಾಕಿದರು. ಮುಖದಲ್ಲಿ ಕೋಪವೇನೂ ಇರಲಿಲ್ಲ.

ಕಳೆದ ವರ್ಷ ಅವರಿಗೇ ಲಕ್ವ ಹೊಡೆಯಿತು. ಬಲಗೈ ಏಳದಾಯಿತು. ವಾರಕ್ಕೆ ಮೂರು ದಿನ ಕುಣಿಗಲ್ಲಿಗೆ ಹೋಗುತ್ತಿದ್ದೆ. ಫೀಸು ಬೇಡವೆಂದರೆ ಕೇಳಲಿಲ್ಲ, ರಸೀದಿಯನ್ನೂ ಬರೆಸಿಕೊಂಡರು. ಎಡಗೈಗೆ ಮೊದಲು ಲೋಟ ಹಿಡಿಸಿದೆ, ಆಮೇಲೆ ಪೆನ್ಸಿಲು. ಲ್ಯಾಪ್‌ಟಾಪನ್ನು ಅವರೇ ಕೇಳಿ ತರಿಸಿಕೊಂಡರು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು.

ಜುಲೈನಲ್ಲಿ ಎರಡನೆಯ ಸಲ ಹೊಡೆಯಿತು. ಅವರು ಉಳಿಯಲಿಲ್ಲ. ಗುಬ್ಬಿಯ ಪೇಷೆಂಟುಗಳಿಗೆ ಫೋನು ಮಾಡಿ, ಇವತ್ತು ಬರುವುದಿಲ್ಲವೆಂದು ಹೇಳಿ ಕುಣಿಗಲ್ಲಿಗೆ ಹೋದೆ. ಎಲ್ಲ ಮುಗಿದು ಹೊರಡುವಾಗ ಅವರ ಹೆಂಡತಿ ನಾಲ್ಕಾರು ಹಾಳೆ ನನ್ನ ಕೈಗಿಟ್ಟರು. ಆ ವರ್ಷದ ನನ್ನ ರಿಟರ್ನಿನ ಪ್ರಿಂಟು.

"ಬೇರೆಯೋರ್ದೆಲ್ಲ ಇನ್ನೊಬ್ರಿಗೆ ವಹಿಸ್ಬುಟ್ರು. ನಿಂದೊಂದನ್ನ ನಾನೇ ಮಾಡ್ತೀನಿ ಅಂತ ನಾಲ್ಕು ದಿನ ಕೂತಿದ್ರು ಕಣಮ್ಮ."

ಕಾರಿನಲ್ಲಿ ಕೂತು ಪೂರ್ತಿ ಓದಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ.