ಅತ್ತಿಬೆಲೆಯ ಹೊಸ್ತಿಲಿನವರೆಗೆ

ಹೂಡಿಯ ನಮ್ಮ ರೂಮಿನಿಂದ ಬೆಳಗ್ಗೆಯೇ ಹೊರಟೆವು. ಮಾರ್ಚ್ ತಿಂಗಳು, ಬಿಸಿಲು ಆಗಲೇ ಏರಿತ್ತು. ಇಬ್ಬರಿಗೂ ಬಿಳಿ ಅಂಗಿ, ಕಪ್ಪು ಟೈ, ಎದೆಯ ಮೇಲೆ ಹೆಸರಿನ ಪಟ್ಟಿ. ನೀರಿನ ಫಿಲ್ಟರ್ ಮಾರುವವರು ಎಂದು ತಿಳಿಯುವವರೇ ಹೆಚ್ಚು. ನಾವು ಮಾರ್ಮನ್ ಎಂಬ ಕ್ರೈಸ್ತ ಸಭೆಯ ಸೇವೆಯಲ್ಲಿದ್ದ ಹುಡುಗರು. ಎರಡು ವರ್ಷ ಮನೆ ಬಿಟ್ಟು, ಕಳಿಸಿದ ಊರಿನಲ್ಲಿದ್ದು, ಕರೆದವರ ಮನೆಗೆ ಹೋಗಿ ಧರ್ಮದ ಮಾತು ಹೇಳುವುದು ನಮ್ಮ ಕೆಲಸ. ಮೀಸೆ ಸರಿಯಾಗಿ ಬಾರದಿದ್ದರೂ ನಮ್ಮನ್ನು ‘ಎಲ್ಡರ್’, ಅಂದರೆ ಹಿರಿಯರು, ಎಂದು ಕರೆಯುತ್ತಿದ್ದರು! ನನ್ನ ಜೊತೆಗಾರ ಡಾಲ್ಟನ್ ಅಮೆರಿಕದಲ್ಲಿ ಆಲೂಗಡ್ಡೆ ಬೆಳೆಯುವ ಮನೆಯವನು. ನಾನು ಕೋಲಾರದವನು. ಒಬ್ಬರ ಕಣ್ಣಳತೆಯಿಂದ ಇನ್ನೊಬ್ಬರು ಆಚೆ ಹೋಗಬಾರದು ಎನ್ನುವುದು ನಮ್ಮ ಮೊದಲ ನಿಯಮ.

ಹೋಗಬೇಕಾಗಿದ್ದದ್ದು ಅತ್ತಿಬೆಲೆಗೆ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಬಾಗಲಕೋಟೆ ಕಡೆಯ ಬಸವರಾಜ ತಾನಾಗಿಯೇ ನಮ್ಮ ಸಭೆಗೆ ಬಂದು, ತಿಂಗಳುಗಟ್ಟಲೆ ಕೂತು ಕೇಳಿ, ಬರುವ ಭಾನುವಾರ ನೀರಿನಲ್ಲಿ ಮುಳುಗಿ ಸಭೆಗೆ ಸೇರುವ ದೀಕ್ಷಾಸ್ನಾನಕ್ಕೆ ಒಪ್ಪಿದ್ದ. “ಅವ್ವ ಹೂಂ ಅಂದ್ರ ಮಾತ್ರ” ಎಂದೂ ಹೇಳಿದ್ದ. ಆ ಅವ್ವ, ನೀಲವ್ವ, ನಮ್ಮನ್ನು ನೋಡಲೆಂದೇ ಊರಿನಿಂದ ಬಂದು ಊಟಕ್ಕೆ ಕರೆಸಿದ್ದರು. ಡಾಲ್ಟನ್ ಇಲ್ಲಿಗೆ ಬಂದು ವರ್ಷವಾಗಿತ್ತು. ಅವನ ಮಾತು ಕೇಳಿ ಇಷ್ಟು ದೂರ ಬಂದವನು ಬಸವರಾಜನೊಬ್ಬನೇ. ಹೀಗಾಗಿ ಡಾಲ್ಟನ್‌ಗೆ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ದಿನದ ಪಾಸು ತೆಗೆದುಕೊಂಡು ಟಿನ್ ಫ್ಯಾಕ್ಟರಿ, ಸಿಲ್ಕ್ ಬೋರ್ಡ್ ಎಂದು ಬಸ್ಸು ಬದಲಿಸಿದೆವು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡವರೆಲ್ಲ ಇಳಿದ ಮೇಲೆ ನಮಗೆ ಕೂರಲು ಜಾಗ ಸಿಕ್ಕಿತು.

“ಯಾವ್ ಕಂಪ್ನಿ ಸಾರ್?” ಕಂಡಕ್ಟರ್ ಕೇಳಿದ.

“ಕಂಪ್ನಿ ಅಲ್ಲ ಅಣ್ಣ, ದೇವರ ಕೆಲ್ಸ.”

“ಪಿಎಫ್ ಗಿಎಫ್ ಏನಾದ್ರೂ ಇದ್ಯಾ?”

ಇಲ್ಲವೆಂದೆ. ಅವನು ಡಾಲ್ಟನ್‌ನ ಕೆಂಪಾದ ಮುಖವನ್ನು ಮರುಕದಿಂದ ನೋಡಿ ಮುಂದೆ ಹೋದ.

ಅತ್ತಿಬೆಲೆಯಲ್ಲಿ ಲಾರಿಗಳು ನಿಲ್ಲುವ ಬಯಲಿನ ಹಿಂದೆ ಒಂದು ವಠಾರ. ಸಾಲು ರೂಮುಗಳು, ಮೇಲೆ ಶೀಟು. ನೀಲವ್ವ ಬಾಗಿಲಲ್ಲೇ ಕಾಯುತ್ತಿದ್ದರು. ಬಸವರಾಜ ಇರಲಿಲ್ಲ.

“ರಾತ್ರಿ ಪಾಳಿ ಮುಗದ ಮ್ಯಾಲ ಹಗಲ ಪಾಳಿಗೂ ನಿಲ್ಲಿಸ್ಕೊಂಡಾರಂತ. ಸಂಜಿಗೆ ಬರ್ತಾನ. ನೀವು ಒಳಗ ಬರ್ರಿ.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗಂಡಸರಿಲ್ಲದೆ ಹೆಂಗಸರಷ್ಟೇ ಇರುವ ಮನೆಗೆ ನಾವು ಕಾಲಿಡುವಂತಿರಲಿಲ್ಲ. ಹೊಸ್ತಿಲಿನ ಆಚೆಯೇ ನಿಂತೆವು.

“ಯಾಕ ನಿಂತ್ರಿ? ನಾನು ನಿಮ್ಮವ್ವನ ವಯಸ್ಸಿನಾಕಿ. ನಮ್ಮ ಮನಿ ಊಟ ನಿಮಗ ನಡಿಯೂದಿಲ್ಲೇನು?”

ಅಕ್ಕಪಕ್ಕದ ಬಾಗಿಲುಗಳಿಂದ ತಲೆಗಳು ಹೊರಬಂದವು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. “ಹಂಗಲ್ಲಮ್ಮ, ಗಂಡಸ್ರು ಇಲ್ದಿದ್ರೆ ಒಳಗೆ ಬರಬಾರ್ದು ಅಂತ ನಮ್ಮ ನಿಯಮ” ಎಂದು ತಡವರಿಸಿದೆ.

ಅವರು ನಮ್ಮನ್ನು ಮೇಲಿನಿಂದ ಕೆಳಗೆ ನೋಡಿದರು. ಆಮೇಲೆ ಒಳಗೆ ಹೋಗಿ ಚಾಪೆ ತಂದು, ಬಟ್ಟೆ ಒಣಹಾಕಿದ್ದ ಹಗ್ಗದ ಕೆಳಗೆ ಹಾಸಿದರು. “ಛಲೋ ನಿಯಮ ಐತಿ. ಕೂಡ್ರಿ ಹಂಗಾರ” ಎಂದು ನಕ್ಕರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು. ಡಾಲ್ಟನ್ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಲೇ ಮೂರು ರೊಟ್ಟಿ ತಿಂದ. ಚಹಾ ಕುಡಿಯುವುದಿಲ್ಲ ಎಂದಾಗಲೂ ಅವರು ಬೇಸರಿಸದೆ ಮಜ್ಜಿಗೆ ತಂದರು. ಅವನು ಒಕ್ಕಲುತನದ ಮನೆಯವನೆಂದು ತಿಳಿದು ನೀರು, ಗೊಬ್ಬರ ಎಲ್ಲವನ್ನೂ ವಿಚಾರಿಸಿದರು. ಕೆಲಸ ಆದಂತೆಯೇ ಎಂದುಕೊಂಡೆ.

“ನಿಮ್ಮವ್ವಗ ಎಷ್ಟು ದಿನಕ್ಕೊಮ್ಮೆ ಫೋನ್ ಹಚ್ತಿ?” ಎಂದು ಅವನನ್ನು ಕೇಳಿದರು.

ಡಾಲ್ಟನ್‌ಗೆ ಹಾರಿಕೆಯ ಉತ್ತರ ಕೊಟ್ಟು ಗೊತ್ತಿಲ್ಲ. ತನಗೆ ಬರುತ್ತಿದ್ದ ಚೂರುಪಾರು ಕನ್ನಡದಲ್ಲಿ, “ವರ್ಷಕ್ಕೆ ಎರಡು ಸಲ” ಎಂದ.

ಅವರು ನನ್ನ ಕಡೆ ತಿರುಗಿದರು. “ನೀನು?”

“ನಾನೂ ಅಷ್ಟೇ ಅಮ್ಮ, ಅದೂ ನಮ್ಮ ನಿಯಮ. ಕ್ರಿಸ್‌ಮಸ್‌ಗೆ ಮಾಡಿದ್ದೆ. ಇನ್ನು ಮೇ ತಿಂಗಳಲ್ಲಿ, ತಾಯಂದಿರ ದಿನಕ್ಕೆ.”

“ನಿಮ್ಮವ್ವ ಎಲ್ಲಿರ್ತಾಳ?”

“ಕೋಲಾರದಲ್ಲಿ.”

ನೀಲವ್ವ ಮಜ್ಜಿಗೆಯ ಚೊಂಬನ್ನು ಕೆಳಗಿಟ್ಟರು. “ಅವನವ್ವ ಸಮುದ್ರದಾಚಿ ಅದಾಳ, ಹೋಗ್ಲಿ. ಕೋಲಾರ ಇಲ್ಲೇ ಐತಲ್ಲೋ ತಮ್ಮಾ!” ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದರು. “ತಗೋ. ಈಗ ಹಚ್ಚಿ ಒಂದ್ ಮಾತಾಡು. ಭಾನುವಾರ ನನ್ನ ಮಗನ್ನ ನಾನ ಕರಕೊಂಡು ಬರ್ತೀನಿ.”

ಡಾಲ್ಟನ್‌ಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಅವನು, “ಅಮ್ಮ ನಿನ್ನವರು. ನೀನೇ ತೀರ್ಮಾನಿಸು” ಎಂದ. ನಂಬರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಸೆಯೂ ಇತ್ತು. ಆದರೆ ಒಬ್ಬನನ್ನು ಸಭೆಗೆ ಸೇರಿಸುವ ಸಲುವಾಗಿ ಅಮ್ಮನಿಗೆ ಫೋನು ಮಾಡುವುದು ನನ್ನಿಂದಾಗಲಿಲ್ಲ.

“ಬೇಡಮ್ಮ” ಎಂದೆ.

“ಹಂಗಾರ ನನ್ನ ಮಗನೂ ಬ್ಯಾಡ. ನಾಳೆ ಅವಂಗೂ ಇದ ನಿಯಮ ಆಕ್ಕೈತಿ.”

ಎಲ್ಲರೂ ಸೇವೆಗೆ ಹೋಗಬೇಕೆಂದಿಲ್ಲ ಎಂದು ಎಷ್ಟು ಹೇಳಿದರೂ ಒಲ್ಲೆನೆಂದು ತಲೆಯಾಡಿಸಿಬಿಟ್ಟರು. ಸಿಟ್ಟೇನೂ ಮಾಡಲಿಲ್ಲ. ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಡಾಲ್ಟನ್ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸಿಲ್ಕ್ ಬೋರ್ಡ್‌ವರೆಗೂ ಕಿಟಕಿಯಾಚೆ ನೋಡುತ್ತಿದ್ದ. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಟಿನ್ ಫ್ಯಾಕ್ಟರಿಯಲ್ಲಿ ಹೂಡಿ ಬಸ್ಸಿಗೆ ಕಾಯುತ್ತಿದ್ದೆವು. ಸಂಜೆಯ ಗದ್ದಲ, ಧೂಳು. ಕೆಂಪು ಬಸ್ಸೊಂದು ಬಂದು ನಿಂತಿತು. “ಹೊಸಕೋಟೆ ಕೋಲಾರ! ಕೋಲಾರ ಕೋಲಾರ!” ಎಂದು ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. ಅದು ಹೊರಟು ಮರೆಯಾಗುವವರೆಗೂ ನೋಡಿದೆ. ಆಮೇಲೆ ಡಾಲ್ಟನ್‌ನ ಮುಂದೆ ಕೈ ಚಾಚಿದೆ. ಕೆಲಸಕ್ಕೆಂದು ನಮ್ಮಿಬ್ಬರಿಗೂ ಸೇರಿ ಕೊಟ್ಟಿದ್ದ ಫೋನು ಅವನ ಜೇಬಿನಲ್ಲಿತ್ತು. ಅವನು ಏನೂ ಕೇಳದೆ ಕೊಟ್ಟ.

“ಯಾಕಪ್ಪಾ, ಏನಾಯ್ತು? ಮೈಗೆ ಹುಷಾರಿಲ್ವಾ?” ಅಮ್ಮನ ದನಿಯಲ್ಲಿ ಗಾಬರಿಯಿತ್ತು.

“ಏನಿಲ್ಲಮ್ಮ. ಸುಮ್ನೆ ಮಾಡ್ದೆ.”

“ಸುಮ್ನೇನಾ? ನಿಮ್ಮೋರು ಬಿಡ್ತಾರಾ?”

ಡಾಲ್ಟನ್‌ನ ಕಡೆ ನೋಡಿದೆ. ಅವನು ನನ್ನ ಕಣ್ಣಳತೆಯಲ್ಲೇ, ನನಗೆ ಬೆನ್ನು ಹಾಕಿ ನಿಂತು, ತನಗೆ ಒಂದಕ್ಷರವೂ ತಿಳಿಯದ ಬಸ್ಸಿನ ಕನ್ನಡ ಬೋರ್ಡುಗಳನ್ನು ಒಂದಾದ ಮೇಲೊಂದು ಓದುತ್ತಿದ್ದ.