ಕೆಂಚನಗುಡ್ಡದಲ್ಲಿ ಹುಟ್ಟದ ಮಾತು

ಕೊರೋನಾ ಬರುವುದಕ್ಕೆ ಹಿಂದಿನ ವರ್ಷ. ಕಾಲೇಜಿನಿಂದ ನಿವೃತ್ತನಾಗಿದ್ದ ನಾನು ಬಳ್ಳಾರಿ ಸೀಮೆಯ ಆಡುಮಾತಿನ ನಿಘಂಟೊಂದಕ್ಕೆ ಸಂಪಾದಕನಾಗಿದ್ದೆ. ಪಾರ್ವತಿನಗರದ ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಹಳ್ಳಿ ತಿರುಗಿ ಮಾತು ರೆಕಾರ್ಡ್ ಮಾಡಿ ತರುತ್ತಿದ್ದವನು ಪಂಪಾಪತಿ, ನನ್ನ ಹಳೆಯ ಸಹೋದ್ಯೋಗಿ, ಜೀವದ ಗೆಳೆಯ. ಪ್ರತಿ ಪದಕ್ಕೂ ಎರಡು ಬೇರೆ ಊರಿನವರ ದನಿ ಬೇಕು, ನಾವಾಗಿ ಅವರ ಬಾಯಿಗೆ ಏನನ್ನೂ ತುರುಕಬಾರದು ಎಂಬುದು ನಮ್ಮ ನಿಯಮ.

‘ಪ’ ಅಕ್ಷರದಲ್ಲಿ ‘ಪುರಾಣ ಕಟ್ಟು’ ಎಂಬ ಕ್ರಿಯಾಪದ ನನ್ನನ್ನು ಹಿಡಿದು ನಿಲ್ಲಿಸಿತು. ಅರ್ಥದಲ್ಲಿ ತಕರಾರಿರಲಿಲ್ಲ: ನಡೆದ ಸಣ್ಣ ಸಂಗತಿಗೆ ದೇವರು, ಪವಾಡ ಸೇರಿಸಿ ದೊಡ್ಡದು ಮಾಡುವುದು. ‘ಪುರಾಣ’ ಸಂಸ್ಕೃತದ್ದು, ಹಳೆಯದು ಎಂದರ್ಥ. ‘ಕಟ್ಟು’ ನಮ್ಮದೇ, ಹಾಡು ಕಟ್ಟು ಎನ್ನುವಾಗಿನದು. ಇವೆರಡೂ ಮೊದಲು ಯಾರ ಬಾಯಲ್ಲಿ ಕೂಡಿದವೋ ಗೊತ್ತಿರಲಿಲ್ಲ. ಅದೊಂದು ಸಿಕ್ಕರೆ ಸಾಕೆಂದು ಒದ್ದಾಡುತ್ತಿದ್ದೆ.

ತಿಂಗಳೊಳಗೆ ಪಂಪಾಪತಿ ಉತ್ತರ ತಂದ. ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದಲ್ಲಿ ಹಿಂದೆ ಗೋಡೆ ಕಟ್ಟುವವರು ಕಲ್ಲಿಗೊಂದು ಪುರಾಣ ಹೇಳುತ್ತಿದ್ದರಂತೆ, ಮಾತು ಹುಟ್ಟಿದ್ದು ಅಲ್ಲೇ ಅಂತೆ. ಅಲ್ಲಿನ ಮುದುಕರೊಬ್ಬರ ದನಿಯೂ ಕುರುಗೋಡಿನ ಹುಲಿಗೆಮ್ಮ ಎಂಬ ಹೆಂಗಸಿನ ದನಿಯೂ ರೆಕಾರ್ಡಿನಲ್ಲಿದ್ದವು. ಹಿಗ್ಗಿ ಹೀರೇಕಾಯಿಯಾದೆ. ಬಳ್ಳಾರಿಯ ಸಭೆಯೊಂದರಲ್ಲಿ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಪುಸ್ತಕಕ್ಕೆ ಹುಲಿಗೆಮ್ಮನವರ ಫೋಟೊ ಬೇಕಿತ್ತು. ಕುರುಗೋಡಿನ ಬಸ್ಸು ಹತ್ತಿದೆ. ಆಕೆ ಚಹಾ ಕೊಟ್ಟು, ಸೆರಗು ಸರಿಮಾಡಿಕೊಂಡು ಕೂತರು.

“ಈಗೂ ಹಂಗ ಹೇಳ್ಲೇನ್ರಿ? ಪಂಪಾಪತಿ ಸರ್ರು ನಾಕು ಸಲ ಹೇಳಿಕೊಟ್ಟು ಹೇಳಿಸ್ಯಾರ. ಆ ಕೆಂಚನಗುಡ್ಡ ನಾ ನೋಡೇ ಇಲ್ರಿ.”

ಫೋಟೊ ತೆಗೆಯದೆ ಎದ್ದು ಬಂದೆ. ಸಂಜೆ ಪಂಪಾಪತಿಯನ್ನು ಕೇಳಿದರೆ ಅವನು ಅಳುಕಲೂ ಇಲ್ಲ.

“ನೀ ಆಸಿ ಮಾಡಿ ಕುಂತಿದ್ದಿ, ತಂದುಕೊಟ್ಟೆ. ಯಾರಿಗೇನು ಲುಕ್ಸಾನಾತಲೇ?”

ಲುಕ್ಸಾನು ನನಗಾಗಿತ್ತು. ಅವನು ತಂದ ಸಾವಿರಾರು ಪದಗಳಲ್ಲಿ ನಿಜ ಯಾವುದು, ಹೇಳಿಕೊಟ್ಟದ್ದು ಯಾವುದು? ‘ಅ’ದಿಂದ ಮತ್ತೆ ಶುರು ಮಾಡಿದೆ, ಈ ಸಲ ಒಬ್ಬನೇ. ‘ಪುರಾಣ ಕಟ್ಟು’ ಎದುರು ‘ಮೂಲ ತಿಳಿಯದು’ ಎಂದು ಅಚ್ಚು ಹಾಕಿಸಿದೆ. ಅವನೊಂದಿಗೆ ಮಾತು ಬಿಟ್ಟೆ. ಆ ಸಂಕಟ ಇನ್ನೂ ಆರಿಲ್ಲ.

ಹೋದ ವರ್ಷ ಕೆಂಚನಗುಡ್ಡಕ್ಕೆ ಹೋಗಿದ್ದೆ. ಮೇಷ್ಟ್ರೊಬ್ಬರು ಸಾಲೆಯ ಮಕ್ಕಳಿಗೆ ಅದೇ ಕಲ್ಲಿನ ಕಥೆ ಹೇಳುತ್ತಿದ್ದರು. ಅದು ಸುಳ್ಳು ಎಂದೆ. ಅವರು ನನ್ನನ್ನು ಗುರುತಿಸಲಿಲ್ಲ.

“ಹಂಗನಬ್ಯಾಡ್ರಿ. ನಿಘಂಟು ಬರದ ದೊಡ್ಡ ಸರ್ರು ಬಳ್ಳಾರಿ ಸಭಾದಾಗ ಹೇಳಿದ್ದು ನಾನ ಕೇಳೀನಿ.”

ಅವರ ಮಾತಿನಲ್ಲಿ ಪಂಪಾಪತಿಯ ಹೆಸರು ಎಲ್ಲೂ ಇರಲಿಲ್ಲ. ಪುರಾಣ ಕಟ್ಟಬೇಕಾದರೆ ಕಲ್ಲು ಬೇಡ, ಜನ ನಂಬುವ ಒಂದು ಬಾಯಿ ಸಾಕು. ಗೆಳೆಯ ನನ್ನದನ್ನು ಆರಿಸಿಕೊಂಡಿದ್ದ.