ಅಣ್ಣನ ಕಾರಿಗೆ ಸ್ಪೀಕರ್ ಹಾಕಿದ್ದು

ನನ್ನ ಕೈ ಸಣ್ಣದು. ಬಳೆಗಾರ ನನಗೆ ಯಾವಾಗಲೂ ಮಕ್ಕಳ ಅಳತೆಯ ಬಳೆಯನ್ನೇ ಹುಡುಕಿ ತೊಡಿಸುತ್ತಿದ್ದ. ಅಣ್ಣನ ಕಾರಿಗೆ ಸ್ಪೀಕರ್ ಹಾಕುವಾಗ ಆ ಕೈ ಉಪಯೋಗಕ್ಕೆ ಬಂತು. ಡ್ಯಾಶ್‌ಬೋರ್ಡಿನ ಹಿಂದಿನ ಸಂದಿಯಲ್ಲಿ ಅವನ ಕೈ ಮಣಿಕಟ್ಟಿಗೇ ಸಿಕ್ಕಿಕೊಳ್ಳುತ್ತಿತ್ತು. ನನ್ನದು ಮೊಣಕೈಯವರೆಗೂ ಹೋಗುತ್ತಿತ್ತು.

ಅಣ್ಣ ಲಿಂಗನಮಕ್ಕಿಗೆ ಸಿಮೆಂಟು ಸಾಗಿಸುವ ಲಾರಿಗೆ ಕ್ಲೀನರ್ ಆಗಿ ಸೇರಿ ಡ್ರೈವರ್ ಆದವನು. ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಲಾರಿಗಳು ಬೇರೆ ಕಡೆ ಹೋದವು. ವರ್ಗವಾಗಿ ಹೊರಟಿದ್ದ ಇಂಜಿನಿಯರೊಬ್ಬರ ಹಳೆಯ ಇಂಗ್ಲೆಂಡ್ ಕಾರನ್ನು ಅಣ್ಣ ಕೊಂಡ. ನಮ್ಮ ಸಾಗರದಲ್ಲಿ ಅದಕ್ಕೆ ಮದುವೆಯ ದಿಬ್ಬಣ ಬಿಟ್ಟರೆ ಕೆಲಸವಿರಲಿಲ್ಲ. ಆಗ ತೀರ್ಥಹಳ್ಳಿಯಲ್ಲಿ ಟೆಂಟು ಹಾಕಿದ್ದ ಸಿನೆಮಾದವರು ಅವನಿಗೆ ಒಂದು ಮಾತು ಹೇಳಿದರು. ಕಾರಿಗೆ ಮೈಕು ಕಟ್ಟಿಸಿ, ಹೊಸನಗರದಿಂದ ದಾರಿಯುದ್ದಕ್ಕೂ ಪ್ರಚಾರ ಮಾಡುತ್ತಾ ಬಂದು ತೋರಿಸಿದರೆ, ಮಳೆ ಹಿಡಿಯುವವರೆಗೂ ಆ ಕೆಲಸ ಅವನಿಗೇ. ಅದು ಸಿಕ್ಕರೆ ಕಾರು ಉಳಿಯುತ್ತಿತ್ತು. ಇಲ್ಲವಾದರೆ ಮಾರಲೇಬೇಕಿತ್ತು.

ಸಾಗರದ ರೇಡಿಯೋ ರಿಪೇರಿಯವನು ಎರಡು ಹೊಸ ಸ್ಪೀಕರುಗಳನ್ನೂ ಸ್ವರ ದೊಡ್ಡದು ಮಾಡುವ ಒಂದು ಟ್ರಾನ್ಸಿಸ್ಟರ್ ಪೆಟ್ಟಿಗೆಯನ್ನೂ ತರಿಸಿಕೊಟ್ಟ. ಕೊಡುವಾಗ ಅಣ್ಣನಿಗೆ ಬೆರಳು ಅಲ್ಲಾಡಿಸಿ ಹೇಳಿದ.

"ನೋಡು ಮಾರಾಯ, ನಿನ್ನ ಲಾರಿ ಬುದ್ಧಿ ಇಲ್ಲಿ ತೋರಿಸ್ಬೇಡ. ಲಾರಿಲಿ ಬ್ಯಾಟರಿ ಮೈನಸ್ಸು ತಗಡಿಗೆ. ಇದು ಉಲ್ಟಾ ಗಾಡಿ, ಪ್ಲಸ್ಸು ತಗಡಿಗೆ. ತಪ್ಪಿದ್ರೂ ಗಾಡಿ ಓಡ್ತದೆ. ಸ್ವಿಚ್ ಹಾಕಿದ ಕೂಡ್ಲೆ ಪೆಟ್ಟಿಗೆ ಸುಟ್ಟು ಹೋಗ್ತದೆ."

ಅಣ್ಣ ನನ್ನ ಕಡೆ ತಿರುಗಿದ. "ನಂಗೆ ನೆನಪಿರಲ್ಲ ಕಣೇ. ನೀನಿಟ್ಕ. ನೀನು ಶಾಲೆ ಓದಿದೋಳು."

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಬ್ಯಾಟರಿಯ ಮೇಲೆ ಕೂಡುವ ಲೆಕ್ಕದ ಗುರುತು ಕಂಡಾಗ ಹೆಮ್ಮೆಯಾಯಿತು. ಆ ಗುರುತಿನ ಕಡೆಯಿಂದ ದಪ್ಪ ಪಟ್ಟಿ ಕಾರಿನ ತಗಡಿಗೆ ಹೋಗಬೇಕು. ಅಷ್ಟೇ. ಅದನ್ನು ಮರೆಯಲಿಲ್ಲ. ಮರೆತಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಮೂರು ದಿನ ಕೆಲಸ ಮಾಡಿದೆವು. ಸ್ಪೀಕರುಗಳನ್ನು ಕಾರಿನ ತಲೆಯ ಮೇಲೆ ಕಟ್ಟಿದೆವು. ವೈರಿಗೆ ಸೋಪು ಸವರಿ ಅಣ್ಣ ಮೇಲಿನಿಂದ ತಳ್ಳುತ್ತಿದ್ದ, ನಾನು ಒಳಗಿನಿಂದ ಎಳೆಯುತ್ತಿದ್ದೆ. ತಗಡಿನ ತೂತಿಗೆ ವೈರು ತಾಗಿ ಹರಿಯದಿರಲೆಂದು ಸೈಕಲ್ ಟ್ಯೂಬಿನ ತುಂಡು ಸುತ್ತಿದೆವು. ಮುಗಿದ ಮೇಲೆ ಅವನು ಮೈಕನ್ನು ನನ್ನ ಕೈಗೆ ಕೊಟ್ಟ. ಸಿನೆಮಾದವರ ಚೀಟಿಯಲ್ಲಿದ್ದುದನ್ನು ಓದಿದೆ. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನಿಂತರು. ಅಣ್ಣ ಕಾರಿನ ಬಾಗಿಲು ಬಡಿದು ಕುಣಿದ.

"ತೀರ್ಥಹಳ್ಳಿವರೆಗೂ ನೀನೇ ಕೂಗೋದು. ಮಾತು ಕೊಟ್ಟೆ ಹೋಗು!"

ಚೀಟಿಯನ್ನು ಬಾಯಿಪಾಠ ಮಾಡಿದೆ. ಪಾತ್ರೆ ತೊಳೆಯುವಾಗ, ನೀರು ಸೇದುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆ ಅಣ್ಣ ಚಾರ್ಜಿಗೆ ಕೊಟ್ಟಿದ್ದ ಬ್ಯಾಟರಿ ತಂದ. ಜೊತೆಗೆ ಕುತ್ತಿಗೆಗೆ ಕರವಸ್ತ್ರ ಕಟ್ಟಿದ ಒಬ್ಬ ಗಂಡಸು ಬಂದಿದ್ದ. ನಾನು ಬಾಗಿಲ ಹಿಂದೆ ಜಡೆ ಹಾಕಿಕೊಳ್ಳುತ್ತಿದ್ದೆ.

"ಮೊನ್ನೆ ಕೂಗಿದ್ದು ಯಾರು? ಜೋರಿತ್ತು ಸ್ವರ" ಎಂದ ಅವನು.

"ತಂಗಿ ಅದು. ಟೆಸ್ಟಿಂಗಿಗೆ ಅಂತ ಕೂಗ್ಸಿದ್ದೆ" ಎಂದು ಅಣ್ಣ ನಕ್ಕ. "ಹೆಣ್ಮಕ್ಕಳನ್ನ ಕೂರಿಸ್ಕಂಡು ಊರೂರು ಕೂಗ್ಸಕ್ಕಾಗುತ್ತಾ ಮಾರಾಯ? ಮರ್ಯಾದೆ ಬೇಡ್ವಾ?"

ನನಗೆ ಅಣ್ಣ ಹೇಳಿದ್ದು ಇಷ್ಟೇ. "ನೀನು ಹಿಂದಿನ ಸೀಟಲ್ಲಿ ಕೂತ್ಕ. ಹೊಸನಗರ, ತೀರ್ಥಹಳ್ಳಿ ಎರಡೂ ನೋಡ್ದಂಗಾಗ್ತದೆ."

ಆಮೇಲೆ ಬಾನೆಟ್ ಎತ್ತಿ ಬ್ಯಾಟರಿ ಕೂರಿಸಿದ. ಮಾತು ಕರವಸ್ತ್ರದವನ ಜೊತೆ, ಕೈ ಹಳೆಯ ಲಾರಿಯ ಅಭ್ಯಾಸದಲ್ಲಿ. ದಪ್ಪ ಪಟ್ಟಿ ಮೈನಸ್ಸಿಗೆ ಹೋಯಿತು. ನಾನು ಒಂದು ಮಾರು ದೂರದಲ್ಲಿ ನಿಂತು ಅದನ್ನು ನೋಡಿದೆ. ಅವನು ತಲೆ ಎತ್ತಿ, ಮೂರು ದಿನವೂ ಕೇಳುತ್ತಿದ್ದ ಹಾಗೆಯೇ ಕೇಳಿದ. "ಸರಿ ಇದೆಯೇನೇ?"

ನಾನು "ಹೂಂ" ಅಂದೆ.

ಕಾರು ಎಂದಿನಂತೆ ಹೊರಟಿತು. ಹೊಸನಗರದವರೆಗೆ ಎಷ್ಟು ತಿರುವುಗಳಿವೆ! ಯಾವ ತಿರುವಿನಲ್ಲಾದರೂ ಬಾಯಿ ಬಿಡಬಹುದಿತ್ತು. ಮುಂದಿನ ಸೀಟಿನಲ್ಲಿ ಕರವಸ್ತ್ರದವನು ನನ್ನ ಚೀಟಿಯನ್ನು ತಡವರಿಸುತ್ತಾ ಓದುತ್ತಿದ್ದ. ಅಣ್ಣ "ಭೇಷ್, ಭೇಷ್" ಅನ್ನುತ್ತಿದ್ದ. ಪ್ರತಿ ಭೇಷಿಗೂ ನನ್ನ ಹಲ್ಲು ಇನ್ನಷ್ಟು ಬಿಗಿಯಿತು.

ಹೊಸನಗರದ ಬಸ್ ನಿಲ್ಲುವ ಜಾಗದಲ್ಲಿ ಅಣ್ಣ ಸ್ವಿಚ್ ಹಾಕಿದ. ಟಪ್ ಎಂದಿತು. ಸುಟ್ಟ ವಾಸನೆ ಬಂತು. ಕರವಸ್ತ್ರದವನು ಮೂರು ಸಲ "ಹಲೋ" ಎಂದ. ಅವನ ಸ್ವರ ಕಾರಿನಿಂದ ಹೊರಗೇ ಹೋಗಲಿಲ್ಲ.

"ಎಂತದು ಮಾರಾಯ್ರೆ, ಮೂಕಿ ಸಿನೆಮಾನಾ?" ಎಂದು ಯಾರೋ ಕೇಳಿದರು. ಸುತ್ತ ನಿಂತವರೆಲ್ಲ ನಕ್ಕರು.

ನನಗೂ ನಗು ಬರುತ್ತದೆಂದು ಕಾದಿದ್ದೆ. ಬರಲಿಲ್ಲ. ಅಣ್ಣನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

ಆದರೂ ತೀರ್ಥಹಳ್ಳಿಗೆ ಹೋದೆವು. ಸಿನೆಮಾದ ಯಜಮಾನ ಕಾರನ್ನು ಒಂದು ಸುತ್ತು ಬಂದು, ಮೇಲಿನ ಸ್ಪೀಕರನ್ನು ಬೆರಳಿನಿಂದ ಕುಟ್ಟಿ, "ಪಾತ್ರೆ ಹೊಸದು, ಒಳಗೆ ಅನ್ನ ಇಲ್ಲ" ಎಂದ. ಮಾರನೆಯ ದಿನದಿಂದ ಆ ಕೆಲಸ ಒಂದು ಜೀಪಿಗೆ ಹೋಯಿತು.

ಅಣ್ಣ ಸಾಗರಕ್ಕೆ ಬಂದವನೇ ರಿಪೇರಿಯವನ ಮೇಲೆ ಹಾರಾಡಿದ. ಅವನು ಪೆಟ್ಟಿಗೆ ಬಿಚ್ಚಿ ನೋಡಿ, ಎದ್ದು ಹೋಗಿ ಬಾನೆಟ್ ಎತ್ತಿದ.

"ಬ್ಯಾಟರಿ ಯಾರು ಹಾಕಿದ್ದು?"

"ನಾನೇ."

"ನಿನ್ನ ತಂಗಿ ನೆನಪಿಟ್ಕಂಡಿದ್ಲಲ್ಲ?"

ಅಣ್ಣ ನಿಧಾನಕ್ಕೆ ನನ್ನ ಕಡೆ ತಿರುಗಿದ. ನಾನು ನೆಲ ನೋಡಿದೆ. ಅಷ್ಟಕ್ಕೇ ಅವನಿಗೆ ಗೊತ್ತಾಯಿತು.

"ಅವ್ಳಿಗೆಂತ ಗೊತ್ತಾಗ್ತದೆ" ಎಂದ, ರಿಪೇರಿಯವನಿಗೆ.

ನನ್ನನ್ನು ಉಳಿಸಲು ಹಾಗಂದನೋ, ನನಗೆ ತಾಗಲೆಂದು ಅಂದನೋ, ಇವತ್ತಿಗೂ ತಿಳಿಯದು. ಅವನು ಮಾತು ಮುರಿದದ್ದನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ನನ್ನನ್ನು ನಂಬಿದ್ದಕ್ಕೇ ಅವನು ಕಾರು ಕಳೆದುಕೊಂಡ. ಎರಡನ್ನೂ ತೂಗಿದರೆ ನನ್ನ "ಹೂಂ" ಭಾರವಾಗಿ ಕಾಣುತ್ತದೆ.

ಕಾರು ಮಾರುವ ಮೊದಲು ವೈರುಗಳನ್ನು ತೆಗೆಯಬೇಕಿತ್ತು. ನಾನು ಕೈ ಒರೆಸಿಕೊಂಡು ಜಗಲಿಯಲ್ಲಿ ಕಾದು ಕುಳಿತೆ. ಅವನು ಕರೆಯಲಿಲ್ಲ. ಸೀಟು ಬಿಚ್ಚಿದ, ಚಾಪೆ ಕಿತ್ತ, ಡ್ಯಾಶ್‌ಬೋರ್ಡಿನ ಹಿಂದೆ ಕೈ ತುರುಕಿ ಮಣಿಕಟ್ಟಿನ ಚರ್ಮ ಸುಲಿದುಕೊಂಡ. ಕೊನೆಗೆ ಸಿಕ್ಕಷ್ಟನ್ನು ಕತ್ತರಿಸಿ ತೆಗೆದ. ಉಳಿದ ತುಂಡು ಒಳಗೇ ಇತ್ತು. ಕಾರು ಅದರ ಸಮೇತ ಹೋಯಿತು.